ಬೆನ್ನಿಗೊಂದು ತೊಗರಿ ಗಂಟು

ಕಲಬುರಗಿಯಲ್ಲಿ ತೊಗರಿ ರಾಶಿ ಮುಗಿಯಿತೆಂದರೆ ದಾಲ್ ಮಿಲ್‌ಗಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅಂಥ ಒಂದು ಮಿಲ್ಲಿನಲ್ಲಿ ನನ್ನದು ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಅಂಗಾತ ಬಿದ್ದುಕೊಳ್ಳುತ್ತಿದ್ದೆ. ಒಂದು ದಿನ ಕಣ್ಣು ತೆರೆಯಿತು, ಮೈ ಏಳಲಿಲ್ಲ. ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಕೂಗೋಣವೆಂದರೆ ನಾಲಿಗೆ ಹೊರಳದು. ಬಾಗಿಲ ಬಳಿ ನಿಂತಿದ್ದ ಕಪ್ಪು ಆಕೃತಿ ಬಂದು ಎದೆಯ ಮೇಲೆ ಕೂತಿತು. ಬಿಡುಗಡೆಯಾದಾಗ ಬನಿಯನ್ ಹಿಂಡುವಷ್ಟು ಬೆವೆತಿದ್ದೆ.

ಅವ್ವ ಅವತ್ತೇ ದಿಂಬಿನ ಕೆಳಗೆ ಅಡಕತ್ತರಿ ಇಟ್ಟಳು. ಕಬ್ಬಿಣವಿದ್ದರೆ ದೆವ್ವ ಸುಳಿಯುವುದಿಲ್ಲವಂತೆ. ಮುಂದಿನ ವಾರ ಮತ್ತೆ ಬಂತು.

ಡಾಕ್ಟರು ಕೇಳಿ ನಕ್ಕರು. ಇದು ಸ್ಲೀಪ್ ಪ್ಯಾರಾಲಿಸಿಸ್, ಅಪಾಯವಿಲ್ಲ ಎಂದರು. ಕನಸುಗಳು ದಟ್ಟವಾಗಿ ಬೀಳುವ ರೆಮ್ ನಿದ್ರೆಯಲ್ಲಿ ಮೆದುಳು ಕೈಕಾಲುಗಳನ್ನು ಕಟ್ಟಿಹಾಕಿರುತ್ತದೆ. ಕನಸಿನಲ್ಲಿ ಓಡುವವನು ನಿಜವಾಗಿ ಎದ್ದು ಓಡಬಾರದಲ್ಲ! ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ಕಟ್ಟು ಆಮೇಲೆ ಬಿಚ್ಚುತ್ತದೆ. ಕನಸಿನ ಚೂರುಗಳು ಕೋಣೆಯೊಳಗೇ ಕಾಣಿಸುತ್ತವೆ. ಎದೆಯ ಸ್ನಾಯುಗಳೂ ಸಡಿಲವಾಗಿ ಉಸಿರು ಹೆಚ್ಚಾಗಿ ವಪೆಯಿಂದಲೇ (ಎದೆ-ಹೊಟ್ಟೆಯ ನಡುವಿನ ಸ್ನಾಯುಪರದೆ) ನಡೆದಿರುವುದರಿಂದ ದೀರ್ಘವಾಗಿ ಎಳೆದುಕೊಳ್ಳಲು ಹೋದರೆ ಬರುವುದಿಲ್ಲ. ನನ್ನ ಎದೆಯ ಮೇಲೆ ಕೂತದ್ದು ಅದು. ಹಿರಿಯರು ಇದನ್ನು ದೆವ್ವ ಎಂದದ್ದಕ್ಕೆ ನಗುವ ಹಾಗಿಲ್ಲ. ರೆಮ್ ನಿದ್ರೆಯ ವಿಷಯವನ್ನು ಷಿಕಾಗೊದ ವಿಜ್ಞಾನಿಗಳಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದ್ದೇ 1953ರಲ್ಲಿ.

ಅಂದಿನಿಂದ ತೂಕದ ಚೀಟಿಗಳ ಹಿಂಬದಿಯಲ್ಲಿ ಬರೆದಿಡತೊಡಗಿದೆ: ಹೇಗೆ ಮಲಗಿದ್ದೆ, ಕೊನೆಯ ಚಹಾ ಎಷ್ಟು ಗಂಟೆಗೆ. ಎರಡು ತಿಂಗಳಲ್ಲಿ 11 ಸಲ ಬಂದಿತ್ತು. ಅದರಲ್ಲಿ 9 ಸಲ ಅಂಗಾತ ಮಲಗಿದ್ದೆ. ಬಹುಪಾಲು ನಿದ್ದೆಗೆಟ್ಟ ದಿನಗಳೇ. ಬೆಳಗಿನ ಹೊತ್ತು ದೇಹಕ್ಕೆ ರೆಮ್ ನಿದ್ರೆಯ ಸೆಳೆತ ಹೆಚ್ಚು. ಆ ಹೊತ್ತಿಗೇ ಮಲಗುವವನು ನಾನು.

ಚಹಾ ಬಿಡುವುದೇ ಕಷ್ಟವಾಯಿತು. ನಸುಕಿನ ಐದಕ್ಕೆ ಕೊನೆಯ ಕಪ್ ಕುಡಿಯುತ್ತಿದ್ದೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಅಂದರೆ ಹಾಸಿಗೆಗೂ ಅದು ಜೊತೆಯಲ್ಲೇ ಬರುತ್ತಿತ್ತು. ಈಗ ರಾತ್ರಿ ಒಂದಕ್ಕೆ ನಿಲ್ಲಿಸುತ್ತೇನೆ. ಮೊದಲ ವಾರ ತಲೆ ಸಿಡಿಯಿತು. ಕಿಟಕಿಗೆ ಗೋಣಿಚೀಲ ಹೊಡೆದೆ. ಅಂಗಾತ ಹೊರಳದಂತೆ ಹಳೆಯ ಬನಿಯನ್ನಿನ ಬೆನ್ನಿಗೆ ಒಂದು ಹಿಡಿ ತೊಗರಿ ಕಾಳಿನ ಗಂಟು ಹೊಲಿಸಿಕೊಂಡೆ. ಹೊರಳಿದರೆ ಒತ್ತುತ್ತದೆ, ತಾನಾಗಿಯೇ ಮಗ್ಗುಲಾಗುತ್ತೇನೆ.

ಬಂದೇಬಿಟ್ಟರೆ ಗುದ್ದಾಡುವುದಿಲ್ಲ. ಗುದ್ದಾಡಿದಷ್ಟೂ ಭಯ ಹೆಚ್ಚುತ್ತದೆ. ಕಣ್ಣು ಆಗಲೂ ಆಡುತ್ತದೆ, ಅದನ್ನು ಆಡಿಸುತ್ತೇನೆ. ಉಸಿರನ್ನು ಅದರ ಪಾಡಿಗೆ ಬಿಟ್ಟು ಕಾಲಿನ ಹೆಬ್ಬೆರಳೊಂದನ್ನೇ ಅಲುಗಿಸಲು ನೋಡುತ್ತೇನೆ. ಹಗಲಲ್ಲಿ ತಡೆಯಲಾಗದ ನಿದ್ದೆ ಬರುವವರು, ನಕ್ಕಾಗ ಮೊಣಕಾಲು ಕುಸಿಯುವವರು ಮಾತ್ರ ಇಷ್ಟಕ್ಕೇ ಬಿಡಬಾರದು, ವೈದ್ಯರ ಬಳಿ ಹೋಗಬೇಕು.

ಈ ರಾಶಿಯ ಕಾಲದಲ್ಲಿ ಒಂದೇ ಸಲ ಬಂತು. ಅಡಕತ್ತರಿಯ ಮಹಿಮೆ ಎನ್ನುತ್ತಾಳೆ ಅವ್ವ. ನಾನು ವಾದಕ್ಕೆ ಹೋಗುವುದಿಲ್ಲ. ತೊಗರಿ ಗಂಟು ಹೊಲಿದುಕೊಟ್ಟವಳೂ ಅವಳೇ.