ವಿಂಡೋಸ್ ಇಟ್ಟುಕೊಂಡೇ ಪೇಜ್‌ಮೇಕರ್ ಬಿಟ್ಟೆವು

ಪ್ರೆಸ್‌ನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ಬಿಟ್ಟು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಕ್ಕೆ ಹೋಗೋಣ ಅಂದಾಗ, "ವಿಂಡೋಸ್ ಮೇಲೆ ಮುಕ್ತ ತಂತ್ರಾಂಶ ಹಾಕಿದರೆ ವಿಂಡೋಸ್‌ಗೇ ಬಲ ಕೊಟ್ಟ ಹಾಗೆ. ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಹಾಕು, ಇಲ್ಲಾಂದ್ರೆ ಬಿಟ್ಟುಬಿಡು" ಅಂತ ಗೆಳೆಯರು ಪಟ್ಟು ಹಿಡಿದಿದ್ದರು. ಪ್ರೆಸ್‌ನವರದ್ದು ಬೇರೆ ರಾಗ: "ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮುದ್ರಣದ ಪ್ಲೇಟ್ ಸರಿಯಾಗಿ ಬರಲ್ಲ." ಇವತ್ತು ಗದಗಿನ ನಮ್ಮ ಪ್ರೆಸ್‌ನ ಏಳು ಸಿಸ್ಟಂಗಳಲ್ಲಿ ಐದು ಲಿನಕ್ಸ್‌ನಲ್ಲಿವೆ. ಅಲ್ಲಿಗೆ ತಲುಪಿದ್ದು ವಿಂಡೋಸ್ ದಾರಿಯಲ್ಲೇ.

ಮೊದಲ ಸಲ ಗೆಳೆಯರು ಹೇಳಿದಂತೆ ಎಲ್ಲ ಸಿಸ್ಟಂಗಳಿಗೂ ಒಟ್ಟಿಗೆ ಲಿನಕ್ಸ್ ಹಾಕಿದ್ದೆವು. ಲಗ್ನದ ಸೀಸನ್ ಬಂತು. ಲೆಕ್ಕ ಬರೆಯುವ ಟ್ಯಾಲಿ ಇಲ್ಲ, ಸ್ಕ್ಯಾನರ್‌ಗೆ ಡ್ರೈವರ್ ಇಲ್ಲ. ಆಪರೇಟರ್‌ಗಳಿಗೆ ಫೈಲ್ ಎಲ್ಲಿದೆ ಅನ್ನುವುದೇ ತಿಳಿಯದು. ಎರಡು ವಾರದೊಳಗೆ ಎಲ್ಲ ವಾಪಸ್. ಅಷ್ಟರಲ್ಲಿ ಹೊರಗಡೆ ಡಿಟಿಪಿ ಮಾಡಿಸಿದ್ದಕ್ಕೆ ಮೂವತ್ತು ಸಾವಿರದ ಹತ್ತಿರ ಹೋಗಿತ್ತು.

ಇನ್ನೊಂದು ಕಡೆ, ಡಿಸೈನ್ ಸಾಫ್ಟ್‌ವೇರ್ ಚಂದಾಕ್ಕೆ ಬಂದ ಕೊಟೇಶನ್ ಏಳು ಸಿಸ್ಟಂಗೆ ವರ್ಷಕ್ಕೆ ಲಕ್ಷ ದಾಟುತ್ತಿತ್ತು. ಬಿಲ್ ಬುಕ್, ಹ್ಯಾಂಡ್‌ಬಿಲ್ ಮಾಡುವ ಪ್ರೆಸ್‌ಗೆ ಅದು ಆಗದ ಮಾತು.

ಆಮೇಲೆ ವಿಂಡೋಸ್ ತೆಗೆಯುವ ಗೋಜಿಗೇ ಹೋಗಲಿಲ್ಲ, ಅದರ ಮೇಲೇ ಮುಕ್ತ ತಂತ್ರಾಂಶಗಳನ್ನು ಒಂದೊಂದಾಗಿ ಹಾಕಿದೆ. ಮೊದಲು ಪತ್ರ, ಲೆಕ್ಕದ ಹಾಳೆಗೆ ಲಿಬ್ರೆಆಫೀಸ್. ನಾಲ್ಕೈದು ತಿಂಗಳು ಬಿಟ್ಟು ಫೋಟೋ ತಿದ್ದಲು ಗಿಂಪ್, ಚಿತ್ರ ಬಿಡಿಸಲು ಇಂಕ್‌ಸ್ಕೇಪ್. ಕೊನೆಗೆ ಪೇಜ್‌ಮೇಕರ್ ಜಾಗಕ್ಕೆ ಪುಟ ಜೋಡಿಸುವ ಸ್ಕ್ರೈಬಸ್. ಕೀಬೋರ್ಡ್ ಮಾತ್ರ ಅದೇ ಇರಲಿ ಅಂತ ಹಟ ಹಿಡಿದೆ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶವನ್ನೇ, ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲೆಡೆ ನಡೆಯುವ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸಿಕೊಂಡರೆ ಬೆರಳಿಗೆ ಏನೂ ಹೊಸದಲ್ಲ, ಅಲ್ವಾ?

ನಿಜವಾದ ತೊಂದರೆ ಇದ್ದದ್ದು ಅಕ್ಷರದಲ್ಲಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇಲ್ಲ. ಹಾಗಂತ ಸ್ಕ್ರೈಬಸ್ 1.4 ಕೂಡ ಕನ್ನಡಕ್ಕೆ ಆಗುತ್ತಿರಲಿಲ್ಲ, ಒತ್ತಕ್ಷರ ಕೂಡುತ್ತಿರಲಿಲ್ಲ. 1.5ರ ಸರಣಿಯಲ್ಲಿ ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಸೇರಿದ ಮೇಲೆ 'ರ್ನಾ', 'ಷ್ಟ್ರ' ಸರಿಯಾಗಿ ಕೂತವು. ನಾವು ಪೂರ್ತಿ ನೆಚ್ಚಿಕೊಂಡದ್ದು 2024ರಲ್ಲಿ 1.6 ಬಂದ ಮೇಲೆ.

ಇಂಕ್‌ಸ್ಕೇಪ್‌ನಲ್ಲೇ ಮಾಡಿದ ಲಗ್ನಪತ್ರಿಕೆಗಳದ್ದು ಬೇರೆ ಗೋಳು. ಅಲ್ಲಿ ಬಣ್ಣ ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ, ಮುದ್ರಣದ ನಾಲ್ಕು ಶಾಯಿಯದ್ದಲ್ಲ. ಪ್ಲೇಟಿಗೆ ಹೋಗುವಾಗ ಕಪ್ಪು ಅಕ್ಷರ ನಾಲ್ಕೂ ಬಣ್ಣಕ್ಕೆ ಹಂಚಿಹೋಗುತ್ತಿತ್ತು. ರಿಜಿಸ್ಟರ್, ಅಂದರೆ ಬಣ್ಣದ ಮೇಲೆ ಬಣ್ಣ ಕೂರುವ ಜಾಗ, ಕೂದಲೆಳೆ ತಪ್ಪಿದರೂ ಸಾಕು, 'ಶ್ರೀ' ಪಕ್ಕದಲ್ಲಿ ಕೆಂಪು ನೆರಳು. ಎರಡು ಸಾವಿರ ಪತ್ರಿಕೆ ಮತ್ತೆ ಹೊಡೆದುಕೊಡಬೇಕಾಯಿತು. ಕಾಗದ, ಪ್ಲೇಟ್ ಸೇರಿ ಎಂಟೊಂಬತ್ತು ಸಾವಿರ. ಈಗ ಚಿತ್ರ ಮಾತ್ರ ಇಂಕ್‌ಸ್ಕೇಪ್‌ನಲ್ಲಿ. ಅಕ್ಷರವೆಲ್ಲ ಸ್ಕ್ರೈಬಸ್‌ನಲ್ಲಿ, ಬೇರೆ ಬಣ್ಣ ಬೆರೆಸದೆ ಬರೀ ಕಪ್ಪು ಶಾಯಿ ನೂರಕ್ಕೆ ನೂರು. ಹಳೆಯ ಡಿಸೈನ್‌ಗಳ ಬಣ್ಣ ಒಟ್ಟಿಗೆ ಬದಲಿಸಲು ನನ್ನದೇ ಒಂದು ಪೈಥಾನ್ ಸ್ಕ್ರಿಪ್ಟ್ ಇದೆ. 

ಮಧ್ಯೆ ಸುಮ್ನೆ, ಸ್ಕ್ಯಾನ್ ಮಾಡಿದ ಪುಟದ ಅಕ್ಷರ ಓದಿ ಟೈಪ್ ಮಾಡಿಕೊಡುವ ಟೆಸರಾಕ್ಟ್ ಕೂಡ ಹಾಕಿ ನೋಡಿದೆ. ಹಳೆಯ ಸ್ಮರಣ ಸಂಚಿಕೆಯೊಂದನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಆಫ್‌ಸೆಟ್ ಪುಟಗಳನ್ನು ಚೆನ್ನಾಗಿಯೇ ಓದಿತು. ಮೊಳೆ ಜೋಡಿಸಿ ಮುದ್ರಿಸಿದ ಪುಟಗಳಲ್ಲಿ ಒತ್ತಕ್ಷರಗಳನ್ನು ನುಂಗಿತು. ಟೈಪ್ ಮಾಡುವ ಕೆಲಸ ಅರ್ಧಕ್ಕಿಂತ ಜಾಸ್ತಿ ಉಳಿಯಿತು ಅನ್ನಬಹುದು.

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ನಿಂತಿತು. ನಮ್ಮ ಹಳೆಯ ಐದು ಸಿಸ್ಟಂಗಳು ವಿಂಡೋಸ್ 11ಕ್ಕೆ ಒಗ್ಗುವಂಥವಲ್ಲ. ಹೊಸದು ಕೊಂಡರೆ ಎರಡು ಲಕ್ಷ. ಒಂದು ಭಾನುವಾರ ಕೂತು ಐದಕ್ಕೂ ಲಿನಕ್ಸ್ ಮಿಂಟ್ ಹಾಕಿ, ನುಡಿಯದೇ ಕೀಲಿ ಜೋಡಣೆ ಇರುವ ಕೆಜಿಪಿ ಕೀಬೋರ್ಡ್ ಕೂರಿಸಿದೆ. ಸೋಮವಾರ ಬಂದ ಆಪರೇಟರ್ ಸ್ಕ್ರೈಬಸ್ ತೆರೆದು ಅರ್ಧಕ್ಕೆ ನಿಂತಿದ್ದ ಹ್ಯಾಂಡ್‌ಬಿಲ್ ಮುಂದುವರಿಸಿದ. "ಅಣ್ಣಾ, ವಾಲ್‌ಪೇಪರ್ ಯಾಕೆ ಬದಲಾಯ್ತು?" ಅಂದ, ಅಷ್ಟೇ.

ಗೆಳೆಯರಿಗೆ ನನ್ನ ಉತ್ತರ ಇಷ್ಟೇ: ಮುಕ್ತ ತಂತ್ರಾಂಶ ಚಳವಳಿಗೆ ನಾಂದಿ ಹಾಡಿದ ಗ್ನೂ ಯೋಜನೆಯ ಪಠ್ಯ ಸಂಪಾದಕ ಇಮ್ಯಾಕ್ಸೇ ವಿಂಡೋಸ್‌ನಲ್ಲಿ ಓಡುತ್ತದೆ. ಮುಕ್ತ ತಂತ್ರಾಂಶ ಜನ ಇರುವ ಕಡೆಗೇ ಹೋಗಬೇಕು ಅಂತ ನಾನು ನಂಬಿದ್ದೇನೆ. ಉಳಿದ ಎರಡು ಸಿಸ್ಟಂ ಟ್ಯಾಲಿಗೂ ಸ್ಕ್ಯಾನರ್‌ಗೂ ವಿಂಡೋಸ್‌ನಲ್ಲೇ ಇವೆ. ಅವುಗಳಲ್ಲೂ ಲಿಬ್ರೆಆಫೀಸ್, ಸ್ಕ್ರೈಬಸ್ ಇವೆ. ಅವನ್ನು ಬದಲಿಸುವ ಯೋಚನೆ ಸದ್ಯಕ್ಕಿಲ್ಲ.