ಸ್ಟೈಲಸ್‌ಗೆ ಬಳಪದ ಗುಣ ತರುವ ಬಗೆ

ಮುಂಬಯಿಯ ಮಾಟುಂಗದಲ್ಲಿ ಕನ್ನಡ ಅಕ್ಷರ ತಿದ್ದುವ ಮಕ್ಕಳಿಗಾಗಿ ಟ್ಯಾಬ್ಲೆಟ್ ಆ್ಯಪ್ ರೂಪಿಸುವವರು, ಬಟನ್ನುಗಳನ್ನು ಜೋಡಿಸುವ ಮೊದಲು, ಬರೆಯುವಾಗ ಮಗುವಿನ ಕೈ ಕಾಗದದ ಮೇಲೆ ಹೇಗೆ ಊರಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಸ್ಟೈಲಸ್ (ಪರದೆಯ ಮೇಲೆ ಬರೆಯುವ ಪೆನ್ನು) ಪರದೆಯ ಸಮೀಪಕ್ಕೆ ಬಂದೊಡನೆ ಅಂಗೈಯ ಸ್ಪರ್ಶವನ್ನು ಕಡೆಗಣಿಸಿ. ಬರೆಯುವುದು ಸ್ಟೈಲಸ್‌ಗೆ, ಪುಟ ಸರಿಸುವುದು ಬೆರಳಿಗೆ ಎಂದು ಕೆಲಸ ಹಂಚಿದರೆ ಹಲವು ಬಟನ್ನುಗಳೇ ಬೇಕಾಗುವುದಿಲ್ಲ.

ಆ್ಯಪ್ ಬ್ರೌಸರ್‌ನಲ್ಲಿ ನಡೆಯುವುದಾದರೆ, ಸ್ಟೈಲಸ್ ಪರದೆಯನ್ನು ಒತ್ತುವ ಒತ್ತಡವನ್ನು ಬ್ರೌಸರ್ 0ಯಿಂದ 1ರವರೆಗಿನ ಸಂಖ್ಯೆಯಾಗಿ ತಿಳಿಸುತ್ತದೆ. ಅದನ್ನು ಹಾಗೆಯೇ ಗೆರೆಯ ದಪ್ಪಕ್ಕೆ ಅನ್ವಯಿಸದೆ, ಹಗುರ ಕೈಯ ಮಕ್ಕಳಿಗೂ ಗೆರೆ ಸ್ಪಷ್ಟವಾಗಿ ಮೂಡುವಂತೆ, ಆರಂಭದಲ್ಲಿ ಬೇಗ ಏರುವ ವಕ್ರರೇಖೆಗೆ ಹೊಂದಿಸಿ. ಒತ್ತಡ ಅಳೆಯಲಾಗದ ಸಾಧನ ಸ್ಪರ್ಶದಲ್ಲಿ ಸದಾ 0.5 ಎನ್ನುತ್ತದೆ.

‘ಅಮ್ಮ’ ಎಂದು ಬರೆಯುವಾಗ ‘ಮ’ ಮುಗಿಸಿ, ಕೈ ಎತ್ತಿ, ಕೆಳಗೆ ಒತ್ತಕ್ಷರ ಸೇರಿಸುತ್ತೇವೆ. ಆದ್ದರಿಂದ ಸ್ಟೈಲಸ್ ಮೇಲೆದ್ದ ಕ್ಷಣವೇ ಅಕ್ಷರ ಮುಗಿಯಿತೆಂದು ತೀರ್ಮಾನಿಸಬೇಡಿ. ಅವಸರದ ಆ್ಯಪ್‌ಗಳು ಎಡವುವುದು ಇಲ್ಲಿಯೇ.