ಮುಖ್ಯ ರೂಟರ್ ಮುಟ್ಟದೆ ಅತಿಥಿಗಳಿಗೆ ಬೇರೆಯೇ ವೈಫೈ: ಗೋಕುಲಂ ಮನೆಯಲ್ಲಿ ನನ್ನ ಅನುಭವ

ಮುಖ್ಯ ರೂಟರಿನಲ್ಲಿ ವಿಲ್ಯಾನ್ (ಒಂದೇ ಜಾಲವನ್ನು ಪ್ರತ್ಯೇಕ ಭಾಗಗಳಾಗಿ ಒಡೆಯುವ) ಸೌಲಭ್ಯವಿಲ್ಲದಿದ್ದರೆ ಎರಡನೆಯ ಆಕ್ಸೆಸ್ ಪಾಯಿಂಟಿನಲ್ಲಿ (ವೈಫೈ ಹರಡುವ ಸಾಧನ, ಚಿಕ್ಕದಾಗಿ ಎಪಿ) ಅತಿಥಿಗಳ ವೈಫೈಯನ್ನು ಪ್ರತ್ಯೇಕಿಸಲು ಆಗುವುದೇ ಇಲ್ಲವೆಂದು ಮೈಸೂರಿನಲ್ಲಿ ನಾನು ವಿಚಾರಿಸಿದವರೆಲ್ಲ ಹೇಳಿದ್ದರು. ಆಗುತ್ತದೆ. ಕಳೆದ ದಸರಾದಲ್ಲಿ ಮಹಡಿಯ ಕೋಣೆಗಳೆಲ್ಲ ತುಂಬಿದ್ದಾಗಲೂ ಅದು ಒಮ್ಮೆಯೂ ಕೈಕೊಡಲಿಲ್ಲವಾದ್ದರಿಂದ, ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗೋಕುಲಂನ ನಮ್ಮ ಮನೆಯ ಮೇಲಿನ ಕೋಣೆಗಳನ್ನು ಯೋಗ ಕಲಿಯಲು ಬರುವವರಿಗೆ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತೇವೆ. ಮುಖ್ಯ ರೂಟರಾದ ಫೈಬರ್ ಪೆಟ್ಟಿಗೆ ಕೆಳಗಿನ ಹಾಲಿನಲ್ಲಿದೆ; ಅದರಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಬದಲಿಸುವುದು, ಗೆಸ್ಟ್ ವೈಫೈ ಹಚ್ಚುವುದು ಇಷ್ಟನ್ನು ಬಿಟ್ಟರೆ ಮಿಕ್ಕ ಅಧಿಕಾರವೆಲ್ಲ ಸಂಪರ್ಕ ಕೊಟ್ಟವರ ಕೈಯಲ್ಲಿದೆ. ಅದೇ ಜಾಲದಲ್ಲಿ ಸಿಸಿಟಿವಿ ರೆಕಾರ್ಡರ್, ಪ್ರಿಂಟರ್, ಮನೆಯ ಲೆಕ್ಕಪತ್ರವಿರುವ ಲ್ಯಾಪ್‌ಟಾಪ್ ಎಲ್ಲವೂ ಇವೆ. ಬಂದುಹೋಗುವವರ ಫೋನುಗಳೂ ಅಲ್ಲಿಗೇ ಸೇರುವುದು ನನಗೆ ಸಮಾಧಾನದ ವಿಷಯವಾಗಿರಲಿಲ್ಲ.

ಮೊದಲು ಪೆಟ್ಟಿಗೆಯಲ್ಲಿಯೇ ಇದ್ದ ಗೆಸ್ಟ್ ವೈಫೈ ಹಚ್ಚಿ ನೋಡಿದೆ. ಒಂದು ಆರ್‌ಸಿಸಿ ತಾರಸಿ ದಾಟುವಷ್ಟರಲ್ಲಿ ಅದರ ಬಲ ಮುಗಿಯುತ್ತಿತ್ತು. ಸುಮಾರು 1,800 ರೂಪಾಯಿಗೆ ತಂದ ಎಕ್ಸ್‌ಟೆಂಡರ್ ಸಿಗ್ನಲನ್ನು ಮೇಲಕ್ಕೆ ಒಯ್ಯಿತಾದರೂ ಅದಕ್ಕೆ ಸೇರಿದವರೆಲ್ಲ ಮನೆಯ ಜಾಲದೊಳಗೇ ಇರುತ್ತಿದ್ದರು. ಮೂರನೆಯದಾಗಿ, ಎಲ್ಲರೂ ಸೂಚಿಸುವಂತೆ, ಇನ್ನೊಂದು ರೂಟರನ್ನು ಅದರ ವ್ಯಾನ್ (ಇಂಟರ್‌ನೆಟ್ ಕಡೆಯ) ಪೋರ್ಟಿನ ಮೂಲಕ ಪೆಟ್ಟಿಗೆಗೆ ಜೋಡಿಸಿದೆ. ಅತಿಥಿಗಳಿಗೆ ಬೇರೆ ವಿಳಾಸಗಳು ಸಿಗುತ್ತವೆ, ಪ್ರತ್ಯೇಕವಾಯಿತೆಂದು ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ರೂಟರಿನ ದೃಷ್ಟಿಯಲ್ಲಿ ನಮ್ಮ ಇಡೀ ಮನೆಯ ಜಾಲವೇ ಹೊರಗಿನ ಇಂಟರ್‌ನೆಟ್ಟಿನ ಭಾಗ. ಮೇಲಿನ ಕೋಣೆಯಲ್ಲಿ ಕುಳಿತು ಬ್ರೌಸರಿನಲ್ಲಿ ರೆಕಾರ್ಡರಿನ ವಿಳಾಸ ಒತ್ತಿದರೆ ಅದರ ಲಾಗಿನ್ ಪುಟ ಸಲೀಸಾಗಿ ತೆರೆಯುತ್ತಿತ್ತು. ಈ ಜೋಡಣೆ ಅತಿಥಿಗಳನ್ನು ನಮ್ಮಿಂದ ಕಾಪಾಡುತ್ತದೆಯೇ ಹೊರತು ನಮ್ಮನ್ನು ಅತಿಥಿಗಳಿಂದಲ್ಲ.

ಕೊನೆಗೆ ಅಂಗಡಿಯವರೊಬ್ಬರನ್ನು ಕರೆಸಿದೆ. "ಎಪಿನಲ್ಲೇ ಗೆಸ್ಟ್ ಬೇರೆ ಮಾಡೋಕಾಗಲ್ಲ ಸರ್, ರೂಟರ್ರೇ ಚೇಂಜ್ ಮಾಡ್ಬೇಕು" ಎಂದು ಹೇಳಿ, ಹೊಸ ರೂಟರ್, ಮ್ಯಾನೇಜ್ಡ್ ಸ್ವಿಚ್, ಎರಡು ಎಪಿ ಸೇರಿಸಿ 22,000 ರೂಪಾಯಿಯ ಆಸುಪಾಸಿನ ಲೆಕ್ಕ ಕೊಟ್ಟರು.

ನಾನು ಖರ್ಚು ಮಾಡಿದ್ದು ಅದರ ಹತ್ತನೆಯ ಒಂದು ಭಾಗ. ಹಳೆಯ ಟಿಪಿ-ಲಿಂಕ್ ಆರ್ಚರ್ ಸಿ6 ರೂಟರಿನ ಮೂರನೆಯ ಆವೃತ್ತಿ ಸುಮಾರು 1,300 ರೂಪಾಯಿಗೆ ಸಿಕ್ಕಿತು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ಪುಗಳ ಯಂತ್ರಗಳು ಬರುವುದರಿಂದ ಅಡಿಯ ಚೀಟಿಯಲ್ಲಿನ ಆವೃತ್ತಿಯನ್ನು ನೋಡಿಯೇ ಕೊಳ್ಳಬೇಕು. ಉಳಿದದ್ದು ಮೆಟ್ಟಿಲ ಬದಿಯಿಂದ ಎಳೆದ ಕ್ಯಾಟ್6 ಕೇಬಲ್ಲಿಗೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದನ್ನು ಮನೆಯೊಳಗೆ ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಯಂತ್ರಕ್ಕೆ ಓಪನ್‌ಡಬ್ಲ್ಯುಆರ್‌ಟಿ (ರೂಟರುಗಳಿಗೆ ಹಾಕುವ ಮುಕ್ತ ತಂತ್ರಾಂಶ) ಹಾಕಿ, ಅದನ್ನು ಎಂದಿನಂತೆ ಡಂಬ್ ಎಪಿ (ರೂಟರಿನ ಕೆಲಸ ಬಿಟ್ಟು ವೈಫೈ ಮಾತ್ರ ಹರಡುವ ಸಾಧನ) ಮಾಡಿದೆ: ಲ್ಯಾನ್ (ಮನೆಯ ಜಾಲದ ಕಡೆಯ) ವಿಳಾಸ 192.168.1.2, ಲ್ಯಾನ್ ಕಡೆಯ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಸೇವೆ) ಬಂದ್. ಇಲ್ಲಿಂದ ಮುಂದೆ ನನ್ನ ದಾರಿ ಬೇರೆ. ಡಂಬ್ ಎಪಿಗೆ ಫೈರ್‌ವಾಲ್ (ಸಂಚಾರವನ್ನು ಬಿಡುವ, ತಡೆಯುವ ಕಾವಲು) ಬೇಡವೆಂದು ಅದನ್ನು ನಿಲ್ಲಿಸುವ ರೂಢಿಯಿದೆ. ನಾನು ಅದನ್ನು ಚಾಲನೆಯಲ್ಲಿಯೇ ಇಟ್ಟೆ, ಏಕೆಂದರೆ ಇಡೀ ಕೆಲಸ ನಡೆಯುವುದು ಅದರಿಂದಲೇ. ಅತಿಥಿಗಳಿಗೆ 192.168.30 ಸರಣಿಯ ಇಂಟರ್‌ಫೇಸ್, ಅದಕ್ಕೆ ತನ್ನದೇ ಡಿಎಚ್‌ಸಿಪಿ, ಇನ್‌ಪುಟ್ (ಎಪಿಗೇ ಬರುವ ಸಂಚಾರ) ಮತ್ತು ಫಾರ್ವರ್ಡ್ (ವಲಯದೊಳಗೇ ಒಂದು ಇಂಟರ್‌ಫೇಸಿನಿಂದ ಇನ್ನೊಂದಕ್ಕೆ ಸಾಗುವ ಸಂಚಾರ) ಎರಡನ್ನೂ ರಿಜೆಕ್ಟ್ ಮಾಡುವ ಗೆಸ್ಟ್ ವಲಯ, ಡಿಎಚ್‌ಸಿಪಿ ಮತ್ತು ಡಿಎನ್‌ಎಸ್‌ಗೆ (ಜಾಲತಾಣದ ಹೆಸರಿಗೆ ವಿಳಾಸ ಹುಡುಕುವ ಸೇವೆಗೆ) ಮಾತ್ರ ವಿನಾಯಿತಿ, ಗೆಸ್ಟಿನಿಂದ ಲ್ಯಾನಿಗೆ ಫಾರ್ವರ್ಡಿಂಗ್, ಲ್ಯಾನ್ ವಲಯದ ಮೇಲೆ ಮಾಸ್ಕರೇಡಿಂಗ್. ಈ ಮಾಸ್ಕರೇಡಿಂಗಿನಿಂದ ಅತಿಥಿಗಳ ಸಂಚಾರವೆಲ್ಲ 192.168.1.2 ಎಂಬ ಒಂದೇ ವಿಳಾಸದಿಂದ ಬಂದಂತೆ ಕೆಳಗಿನ ಪೆಟ್ಟಿಗೆಗೆ ಕಾಣುತ್ತದೆ. ಆದ್ದರಿಂದ ಅದಕ್ಕೆ ವಿಲ್ಯಾನ್ ಗೊತ್ತಿರಬೇಕಾದ ಅಗತ್ಯವೇ ಬರುವುದಿಲ್ಲ.

ಇಷ್ಟು ಮಾಡಿದರೂ ಅತಿಥಿಗಳಿಗೆ ಇಂಟರ್‌ನೆಟ್ ಬಾರದಿದ್ದರೆ ಲ್ಯಾನ್ ಇಂಟರ್‌ಫೇಸಿನಲ್ಲಿ ಗೇಟ್‌ವೇ (ಹೊರದಾರಿಯಾದ ಪೆಟ್ಟಿಗೆಯ ವಿಳಾಸ) ಮತ್ತು ಡಿಎನ್‌ಎಸ್ ತುಂಬಿದೆಯೇ ಎಂದು ನೋಡಬೇಕು. ಮನೆಯ ಸಾಧನಗಳು ಬ್ರಿಜ್ (ಕೇಬಲ್, ವೈಫೈಗಳನ್ನು ಒಂದೇ ಜಾಲವಾಗಿ ಬೆಸೆಯುವ ಜೋಡಣೆ) ಮೂಲಕ ನೇರವಾಗಿ ಪೆಟ್ಟಿಗೆಯನ್ನು ತಲುಪುವುದರಿಂದ ಎಪಿಗೆ ಗೇಟ್‌ವೇ ಇಲ್ಲದಿದ್ದರೂ ಅವುಗಳಿಗೆ ತೊಂದರೆಯಾಗುವುದಿಲ್ಲ. ಅತಿಥಿಗಳಿಗೆ ಮಾತ್ರ ದಾರಿ ತಪ್ಪುತ್ತದೆ. ಇದು ಗೊತ್ತಿಲ್ಲದೆಯೇ ಎಷ್ಟೋ ಜನ ಈ ವಿಧಾನವನ್ನೇ ಕೈಬಿಡುತ್ತಾರೆ.

ಇನ್ನು ಬೇಲಿ ಹಾಕುವ ನಿಯಮ. ಗೆಸ್ಟಿನಿಂದ ಲ್ಯಾನಿಗೆ ಹೋಗುವ ಸಂಚಾರದಲ್ಲಿ ಗಮ್ಯ ವಿಳಾಸ 192.168.0.0/16, 10.0.0.0/8 ಅಥವಾ 172.16.0.0/12 (ಮೂರೂ ಖಾಸಗಿ ಜಾಲಗಳಿಗೆ ಮೀಸಲಾದ ವಿಳಾಸ ಸರಣಿಗಳು) ಆಗಿದ್ದರೆ ರಿಜೆಕ್ಟ್. ಪ್ರೋಟೋಕಾಲನ್ನು (ಸಂಚಾರದ ಬಗೆಯನ್ನು) ತಾನಾಗಿ ಬರುವ ಟಿಸಿಪಿ, ಯುಡಿಪಿಗೆ ಬಿಡದೆ "ಎನಿ" ಎಂದೇ ಆರಿಸಬೇಕು. ಇಲ್ಲದಿದ್ದರೆ ರೆಕಾರ್ಡರಿನ ಪುಟ ತೆರೆಯದಿದ್ದರೂ ಪಿಂಗಿಗೆ (ಸಾಧನ ಇದೆಯೇ ಎಂದು ಕೇಳುವ ಸಂದೇಶಕ್ಕೆ) ಉತ್ತರ ಬರುತ್ತಲೇ ಇರುತ್ತದೆ. ಅತಿಥಿಗಳ ಡಿಎನ್‌ಎಸ್ ಪ್ರಶ್ನೆಗಳಿಗೆ ಎಪಿಯೇ ಉತ್ತರ ತಂದುಕೊಡುವುದರಿಂದ ಅವುಗಳಿಗೆ ಈ ಬೇಲಿ ಅಡ್ಡಿಯಾಗದು.

ಮೇಲಿನ ಕೋಣೆಯಲ್ಲಿ ಫೋನಿನಿಂದ, ಜಾಲದಲ್ಲಿರುವ ಸಾಧನಗಳನ್ನು ಪಟ್ಟಿ ಮಾಡುವ ಫಿಂಗ್ ಆ್ಯಪ್ ಓಡಿಸಿದೆ. ಹಿಂದೆ ರೆಕಾರ್ಡರ್, ಪ್ರಿಂಟರ್, ಲ್ಯಾಪ್‌ಟಾಪ್ ಸಾಲಾಗಿ ಮೂಡುತ್ತಿದ್ದ ಪಟ್ಟಿಯಲ್ಲಿ ಈಗ ಇದ್ದದ್ದು ಎರಡೇ ಸಾಲು: 192.168.30.1 (ಎಪಿ) ಮತ್ತು ನನ್ನ ಫೋನು. ಅಂಗಡಿಯವರಿಗೂ ಅದನ್ನು ತೋರಿಸಿದೆ. ತಮ್ಮ ಫೋನಿನಲ್ಲಿಯೂ ಪರೀಕ್ಷಿಸಿ, ಸೆಟ್ಟಿಂಗ್ ಬರೆದುಕೊಡುವಿರಾ ಎಂದು ಕೇಳಿದರು.

ಆಮೇಲೆ ಇನ್ನೊಂದು ಪ್ರಯೋಗಕ್ಕೆ ಇಳಿದೆ. ಅತಿಥಿಗಳು ಪರಸ್ಪರರಿಗೂ ಕಾಣಬಾರದೆಂದು ಐಸೊಲೇಟ್ ಆಯ್ಕೆ ಹಚ್ಚಿದ್ದೆನಾದರೂ, 5 ಗಿಗಾಹರ್ಟ್ಸಿನಲ್ಲಿದ್ದ ಫೋನಿನಿಂದ 2.4ರಲ್ಲಿದ್ದ ಫೋನಿಗೆ ಪಿಂಗ್ ತಲುಪುತ್ತಿತ್ತು. ಆ ಆಯ್ಕೆ ಒಂದೊಂದು ರೇಡಿಯೋ ಒಳಗಷ್ಟೇ ಕೆಲಸ ಮಾಡುತ್ತದೆ. ಎರಡೂ ರೇಡಿಯೋ ಒಂದೇ ಬ್ರಿಜ್ಜಿಗೆ ಸೇರಿದ್ದರೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ಹಾಗಾಗಿ 2.4ಕ್ಕೆ 192.168.40 ಎಂಬ ಬೇರೆ ಸರಣಿ ಕೊಟ್ಟು, ಎರಡನ್ನೂ ಒಂದೇ ಗೆಸ್ಟ್ ವಲಯಕ್ಕೆ ಸೇರಿಸಿದೆ. ವಲಯದೊಳಗಿನ ಫಾರ್ವರ್ಡ್ ರಿಜೆಕ್ಟ್ ಆಗಿರುವುದರಿಂದ ದಾರಿ ಮುಚ್ಚಿತು. ಎರಡಕ್ಕೂ ಒಂದೇ ಹೆಸರಿಟ್ಟರೆ ಫೋನು ಬ್ಯಾಂಡ್ ಬದಲಿಸಿದಾಗ ಹಳೆಯ ವಿಳಾಸ ಹಿಡಿದುಕೊಂಡು ತಡವರಿಸುತ್ತದೆಯಾದ್ದರಿಂದ ಹೆಸರುಗಳನ್ನೂ ಬೇರೆ ಮಾಡಿದೆ.

100 ಎಂಬಿಪಿಎಸ್ ಸಂಪರ್ಕದಲ್ಲಿ ಅತಿಥಿಗಳಿಗೆ ಎಸ್‌ಕ್ಯೂಎಂ (ವೇಗ ನಿಯಂತ್ರಿಸುವ ವ್ಯವಸ್ಥೆ) ಮೂಲಕ ಸುಮಾರು 60ರ ಮಿತಿ ಹಾಕಿದ್ದೇನೆ; ಅವರ ವಿಡಿಯೊ ಕರೆಗಳಿಗೆ ಅದು ಧಾರಾಳವಾಗಿ ಸಾಕಾಗಿದೆ. ಕೋಣೆ ಖಾಲಿಯಾದ ಕೂಡಲೇ ಪಾಸ್‌ವರ್ಡ್ ತಾನೇ ಬದಲಾಗಿ ಬಾಗಿಲಿಗೆ ಅಂಟಿಸುವ ಕ್ಯೂಆರ್ ಚೀಟಿ ನಮ್ಮ ಪ್ರಿಂಟರಿನಲ್ಲಿ ಅಚ್ಚಾಗುವ ವ್ಯವಸ್ಥೆಯನ್ನೂ ಮಾಡಿಕೊಂಡಿದ್ದೇನೆ. ಈ ಬೀದಿಯ ಇನ್ನೆರಡು ಮನೆಗಳಿಗೆ ಅದನ್ನು ಹಣಕ್ಕೆ ಮಾಡಿಕೊಡಲು ಒಪ್ಪಿರುವುದರಿಂದ ಆ ಸ್ಕ್ರಿಪ್ಟನ್ನು ಇಲ್ಲಿ ಕೊಡುತ್ತಿಲ್ಲ.

ಈಚೆಗೆ ಸಂಪರ್ಕದವರು ಪೆಟ್ಟಿಗೆಯನ್ನೇ ಬದಲಿಸಿದರು, ಮನೆಯ ಜಾಲದ ಸರಣಿ 192.168.29ಕ್ಕೆ ಹೋಯಿತು. ಎಪಿಯ ಲ್ಯಾನ್ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಮೂರನ್ನು ತಿದ್ದಿದೆ. ಬೇಲಿಯ ನಿಯಮ ಖಾಸಗಿ ಸರಣಿಗಳೆಲ್ಲಕ್ಕೂ ಅನ್ವಯಿಸುವುದರಿಂದ ಅತಿಥಿಗಳ ಕಡೆಯ ಒಂದು ಅಕ್ಷರವನ್ನೂ ಮುಟ್ಟಬೇಕಾಗಲಿಲ್ಲ.